ಬಲಗಡೆಯ ಉಬ್ಬು

ಬೆಳಿಗ್ಗೆ ಏಳು ಗಂಟೆಗೆ ಜಿನಪಾಲನ ಬಲಸೊಂಟದ ಮೇಲೆ ಇಲ್ಲದ ಉಬ್ಬೊಂದು ಏಳೂವರೆಗೆ ಇತ್ತು. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಉಬ್ಬಿನ ಒಳಗಿದ್ದದ್ದು ಪಿಸ್ತೂಲು. ನೀರು ಸೋಸಿ ಕುಡಿಯುವ, ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವ, ಸೂರ್ಯ ಮುಳುಗುವ ಮೊದಲೇ ಉಂಡು ಕೈ ತೊಳೆಯುವ ಜಿನಪಾಲನಿಗೂ ಪಿಸ್ತೂಲಿಗೂ ಗಂಟು ಹಾಕಿದವರು ರಾಮಲಿಂಗ ಸಾವಕಾರರು. ಬೆಳಗಾವಿಯ ಅವರ ಬೆಳ್ಳಿಬಂಗಾರದ ಅಂಗಡಿಯಿಂದ ಒಡವೆಗಳನ್ನು ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಖಾನಾಪುರಕ್ಕೆ ಮುಟ್ಟಿಸುವುದು ಜಿನಪಾಲನ ಇಪ್ಪತ್ತೆರಡು ವರ್ಷದ ಕೆಲಸ. ಎಲ್ಲಿಯೋ ಯಾರದೋ ಚೀಲ ಕಿತ್ತುಕೊಂಡು ಹೋದರೆಂಬ ಸುದ್ದಿ ಓದಿದಂದಿನಿಂದ ಸಾವಕಾರರ ನಿದ್ದೆ ಹಾರಿಹೋಗಿತ್ತು.

"ಪಿಸ್ತೂಲ ಇಟ್ಕೋ ಜಿನಪಾಲ, ಇಲ್ಲಾ ಖಾನಾಪುರ ಬಿಡು," ಎಂದುಬಿಟ್ಟರು.

ಲೈಸೆನ್ಸಿಗೆ ಅರ್ಜಿ ಹೋಯಿತು. ಪೊಲೀಸರು ವಿಚಾರಣೆಗೆ ಬಂದಾಗ ಹೆಂಡತಿ ಕಾಂತಾ ಕಾಕತಿಯ ತವರಿನಲ್ಲಿದ್ದಳು. ಹೆಸರಿನ ಮೇಲೆ ಒಂದು ಚುಕ್ಕೆಯೂ ಇಲ್ಲದ ಮನುಷ್ಯ. ಲೈಸೆನ್ಸು ಬಂದೇ ಬಂತು. ಜಿನಪಾಲನಿಗೆ ಜನ್ಮದಲ್ಲಿ ಮೊದಲ ಸಲ ತನ್ನ ಒಳ್ಳೆಯತನದ ಮೇಲೆ ಸಿಟ್ಟು ಬಂತು. ಏಕೆಂದರೆ ಹಿಂದೊಮ್ಮೆ ಮಾತಿಗೆ ಮಾತು ಬಂದಾಗ ಕಾಂತಾ ಸ್ಪಷ್ಟವಾಗಿ ಹೇಳಿದ್ದಳು: "ಈ ಮನಿಯೊಳಗ ಬಂದೂಕ ಬಂತಂದ್ರ ನಾ ಕಾಕತಿಗೆ ಹೋಗಾಕಿ. ತಿರುಗಿ ಬರೂದಿಲ್ಲ." ಸಕ್ಕರೆ ಬಿಟ್ಟೆ ಎಂದು ಒಮ್ಮೆ ಅಂದವಳು ಹದಿನೆಂಟು ವರ್ಷದಿಂದ ಸಕ್ಕರೆ ಮುಟ್ಟಿರಲಿಲ್ಲ. ಅವಳ ಮಾತು ಅಂಥದು.

ಹಿಂದಿನ ದಿನ ಬಂದೂಕಿನ ಅಂಗಡಿಯ ಸಮದ ಭಾಯಿ ಅವನನ್ನು ಕೂರಿಸಿ, ಚಹಾ ಕೊಟ್ಟು, ಸಮಾಧಾನ ಹೇಳಿದ್ದ. "ಪಿಸ್ತೂಲ ಅಂದ್ರ ಚಪ್ಪಲಿ ಇದ್ದಂಗ ಭಾಯಿ. ಅಂಗಡ್ಯಾಗ ಛಲೋ ಕಾಣ್ತದ, ನಡದಾಗ ಕಚ್ಚತದ. ಮೊದ್ಲು ಹಾಕ್ಕೊಂಡು ಅಡ್ಡಾಡಿ ನೋಡ್ರಿ."

ಅದಕ್ಕೆಂದೇ ಸಮದ ಕಟ್ಟಿಗೆಯ ಪಿಸ್ತೂಲುಗಳನ್ನು ಮಾಡಿಸಿಟ್ಟಿದ್ದ. ತೂಕ ಸರಿಯಿರಲೆಂದು ಒಳಗೆ ಸೀಸ ತುಂಬಿಸಿದ್ದ. ಮೊದಲನೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಪಪ್ಪಾಯಿ ಕದ್ದು ಓಡುವವನಂತೆ ಕಂಡ. ಸಾಬೂನಿನ ಡಬ್ಬಿಯಂಥ ಇನ್ನೊಂದು ಇತ್ತು; ಅದನ್ನು ಹಿಡಿದರೆ ಅವನ ದಪ್ಪ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. ಕೊನೆಗೆ ಇವೆರಡರ ನಡುವಿನ ಅಳತೆಯದು ಸರಿಹೊಂದಿತು.

"ನಾಳೆ ದಿನಾ ಪೂರಾ ಹಾಕ್ಕೊಳ್ರಿ. ಸಂಜಿತನಕ ಯಾರೂ ‘ಏನದು' ಅನ್ಲಿಲ್ಲಂದ್ರ ಅದರಂಥಾದ್ದೇ ಖರೇ ಪಿಸ್ತೂಲ ತರಿಸಿಕೊಡ್ತೀನಿ," ಎಂದ ಸಮದ. ಆಮೇಲೆ ದನಿ ಇಳಿಸಿ, "ಭಾಭಿಗೆ ಗೊತ್ತಾಗಲಿಲ್ಲಂದ್ರ ಲೋಕಕ್ಕೂ ಗೊತ್ತಾಗೂದಿಲ್ಲ," ಎಂದ.

ಅಂತೂ ಈ ಬೆಳಿಗ್ಗೆ ಜಿನಪಾಲ ಬಚ್ಚಲುಮನೆಯಲ್ಲಿ ಅರ್ಧ ಗಂಟೆ ಗುದ್ದಾಡಿದ. ಬೆನ್ನಿಗೆ ಸಿಕ್ಕಿಸಿದರೆ ಯಾರೋ ಹಿಂದಿನಿಂದ ‘ಸರೀರಿ ಮುಂದ' ಎಂದು ತಿವಿದಂತಾಯಿತು. ಕಾಲಿಗೆ ಕಟ್ಟಿದರೆ ಕುಂಟು ಬಂತು. ಕೊನೆಗೆ ಬಲಸೊಂಟದ ಮುಂದೆ, ಪ್ಯಾಂಟಿನ ಒಳಗೆ ಇಳಿಸಿ, ಮೇಲೆ ಅಂಗಿ ಬಿಟ್ಟುಕೊಂಡು, ಕಾಂತಾ ದೇವರ ಮುಂದೆ ಕೂತಿದ್ದ ಹೊತ್ತು ನೋಡಿ ಹೊರಬಿದ್ದ.

ಗೇಟಿನ ಬಳಿ ಬೂಟಿನ ಲಾಡಿ ಕಟ್ಟಲು ಬಗ್ಗಿದ. ಕಟ್ಟಿಗೆ ಹೊಟ್ಟೆಗೆ ಚುಚ್ಚಿತು. "ಹಾ!" ಎಂದು ಬಲಸೊಂಟ ಹಿಡಿದುಕೊಂಡ.

ಸದಾಶಿವನಗರದ ಆ ಓಣಿಯಲ್ಲಿ ಪ್ರಮಿಳಾಳ ಕಣ್ಣು ತಪ್ಪಿಸಿ ಬೆಕ್ಕು ಕೂಡ ಮರಿ ಹಾಕಿದ್ದಿಲ್ಲ. ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ಆ ತಾಯಿ ತಲೆ ಎತ್ತಿದಳು.

"ಏನಾತ್ರೀ ಅಣ್ಣಾವ್ರ? ಅಲ್ಲೇನದು ಉಬ್ಬೇತಿ?"

ಜಿನಪಾಲ ಅಂಗಿಯನ್ನು ಕೆಳಗೆ ಎಳೆದುಕೊಂಡ. "ಏನಿಲ್ಲವ್ವಾ... ಅದು... ಹಿಂಗ..."

"ಹರ್ನಿಯಾ!" ಎಂದಳು ಪ್ರಮಿಳಾ, ಲಾಟರಿ ನಂಬರು ಹೊಡೆದವಳಂತೆ. "ನಮ್ಮ ಮಾವಗ ಹಿಂಗೇ ಆಗಿತ್ತು. ಹರ್ನಿಯಾನೇ ಹೌದಲ್ರೀ?"

ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ಪಿಸ್ತೂಲು. ಜಿನಪಾಲ ಎರಡನ್ನೂ ಹೇಳದೆ ಕತ್ತನ್ನು ಹೌದಿಗೂ ಅಲ್ಲಕ್ಕೂ ನಡುವೆ ಅಲ್ಲಾಡಿಸಿದ. "ಕಾಂತಾಗ ಹೇಳಬ್ಯಾಡವ್ವಾ, ಗಾಬರಿ ಆಗ್ತಾಳ," ಎಂದು ಕೈ ಮುಗಿದ.

"ಇಲ್ಲ ಬಿಡ್ರಿ, ನನ್ನ ಹೊಟ್ಯಾಗ ಇಟ್ಕೋತೀನಿ," ಎಂದ ಪ್ರಮಿಳಾ ಅವನು ಓಣಿ ದಾಟುವುದರೊಳಗೆ ಮೊಬೈಲು ಕಿವಿಗೆ ಹಚ್ಚಿದ್ದಳು.

ಸಾವಕಾರರ ಅಂಗಡಿಯಲ್ಲಿ ಒಡವೆಯ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ತುಂಬಿ ತುಳುಕುತ್ತಿತ್ತು. ಮೂರು ಜನರ ಸೀಟಿನಲ್ಲಿ ಕೂತಿದ್ದ ನಿಂಗವ್ವನೆಂಬ ಮುದುಕಿ ಅವನು ಉಬ್ಬಿದ ಸೊಂಟ ಹಿಡಿದು ನಿಂತದ್ದನ್ನು ನೋಡಿದವಳೇ ಬಾಜೂದವರನ್ನು ಸರಿಸಿದಳು.

"ಬಾರೋ ತಮ್ಮಾ, ಕುಂದರು. ನಿಲ್ಲಬ್ಯಾಡ, ಕರುಳು ಜಾರ್ತೈತಿ. ಏ ಕಂಡಕ್ಟರಪ್ಪಾ, ಡ್ರೈವರಗ ಹೇಳು, ತಗ್ಗು ನೋಡಿ ಹೊಡಿ ಅಂತ! ಇಲ್ಲೊಬ್ಬಗ ಹರ್ನಿಯಾ ಐತಿ!"

ಕೂತರೆ ಪಿಸ್ತೂಲಿನ ಹಿಡಿಕೆ ಪಕ್ಕೆಗೆ ತಾಗುತ್ತಿತ್ತು. ನಿಲ್ಲೋಣವೆಂದರೆ ಮುದುಕಿ ಬಿಡಳು. ತನ್ನ ಸೆರಗಿನ ಗಂಟನ್ನು ಬಿಚ್ಚಿ ಒಂದು ಬೆಲ್ಲದ ಚೂರು ಅವನ ಕೈಗಿಟ್ಟಳು. ಡ್ರೈವರು ಪೀರನವಾಡಿ ದಾಟುವವರೆಗೂ ಪ್ರತಿ ತಗ್ಗಿಗೆ ಹಿಂತಿರುಗಿ, "ಆರಾಮ ಅದೀರೇನ್ರೀ ಕಾಕಾ?" ಎಂದು ಕೇಳಿದ. ಅವನು ಹಿಂತಿರುಗಿದಾಗಲೆಲ್ಲ ಬಸ್ಸು ಇನ್ನೊಂದು ತಗ್ಗಿಗೆ ಬೀಳುತ್ತಿತ್ತು. ಇಷ್ಟು ಒಳ್ಳೆಯ ಜನರ ನಡುವೆ ಪಿಸ್ತೂಲು ಯಾರಿಗಾಗಿ ಹೊತ್ತಿದ್ದೇನೆ ಎಂದು ಜಿನಪಾಲ ಬೆಲ್ಲ ಚೀಪುತ್ತ ನಾಚಿಕೊಂಡ.

ಖಾನಾಪುರದಲ್ಲಿ ಇಳಿದರೆ ಎದುರಿಗೆ ಆಟೋ ನಿಲ್ಲಿಸಿಕೊಂಡು ಪೂರ್ಣಿಮಾ ನಿಂತಿದ್ದಳು. ಅವಳು ಪ್ರಮಿಳಾಳ ತಂಗಿ. ಜಿನಪಾಲ ಒಡವೆ ಮುಟ್ಟಿಸುವ ಅಂಗಡಿಯೇ ಅವಳ ಗಂಡನದು.

"ಅಗ್ಗಬಾಯಿ! ನಡಕೋತ ಬಂದೀರೇನ್ರೀ? ಅಕ್ಕಾ ಫೋನ್ ಮಾಡಿದ್ಲು. ಚಲಾ, ಮೊದ್ಲು ದವಾಖಾನಿ!"

"ಬ್ಯಾಡ ತಾಯಿ, ಮಾಲು ಕೊಡಬೇಕು..."

"ಮಾಲು ಎಲ್ಲಿ ಓಡಿ ಹೋಗ್ತದ? ನೀವು ಹ್ವಾದ್ರ ಯಾರು ತರೋರು?"

ದಾರಿಯಲ್ಲಿ ಅಂಗಡಿಯ ಮುಂದೆ ಆಟೋ ನಿಲ್ಲಿಸಿ, ಒಡವೆಯನ್ನೆಲ್ಲ ಗಂಡನ ಕೈಗೆ ಕೊಡಿಸಿ, ಖಾಲಿ ಚೀಲ ಮತ್ತು ತುಂಬಿದ ಸೊಂಟದ ಜಿನಪಾಲನನ್ನು ಆಕೆ ದವಾಖಾನೆಯ ಬಾಗಿಲಿಗೆ ತಂದು ಇಳಿಸಿದಳು. ಈಗ ಅಂಗಿ ಎತ್ತಿದರೆ ಎಲ್ಲ ಮುಗಿಯಿತು. ಸಂಜೆಯೊಳಗೆ ಕಾಂತಾಳಿಗೆ ಸುದ್ದಿ, ನಾಳೆ ಕಾಕತಿಯ ಬಸ್ಸು. "ಒಂದಕ್ಕ ಹೋಗಿ ಬರ್ತೀನಿ," ಎಂದು ಓಡಿದವನು ಪಾಯಖಾನೆಯಲ್ಲಿ ಪಿಸ್ತೂಲನ್ನು ಕಿತ್ತು ಖಾಲಿ ಚೀಲಕ್ಕೆ ತುರುಕಿದ. ಸೊಂಟಕ್ಕೆ ಗಾಳಿಯಾಡಿ ಅಯ್ಯಪ್ಪಾ ಎನ್ನಿಸಿತು.

ಡಾಕ್ಟರಮ್ಮ ಮಲಗಿಸಿ ಒತ್ತಿ ನೋಡಿದರು. "ಬಲಕ್ಕ ಏನೂ ಇಲ್ಲಲ್ರೀ."

"ಸರಿಯಾಗಿ ನೋಡ್ರಿ ಡಾಕ್ಟರ್," ಎಂದಳು ಪರದೆಯ ಆಚೆಯಿಂದ ಪೂರ್ಣಿಮಾ. "ಈಗ ಇತ್ತು. ನಾನೇ ನೋಡೀನಿ, ತೆಂಗಿನಕಾಯಿಯಷ್ಟು!"

ಬಲಸೊಂಟದ ಚರ್ಮದ ಮೇಲೆ ಕೆಂಪಗೆ ಒತ್ತು ಬಿದ್ದಿತ್ತು: ಪಿಸ್ತೂಲಿನ ಹಿಡಿಕೆ, ನಳಿಗೆ, ಟ್ರಿಗರು ಎಲ್ಲ ಅಚ್ಚು ಹಾಕಿದಂತೆ. ಡಾಕ್ಟರಮ್ಮ ಅದನ್ನೂ ನೋಡಿದರು, ಜಿನಪಾಲನ ಬೆವೆತ ಮುಖವನ್ನೂ ನೋಡಿದರು. ಏನೂ ಕೇಳದೆ ಅಂಗಿಯ ಅಂಚನ್ನು ಅದರ ಮೇಲೆ ಎಳೆದು ಮುಚ್ಚಿದರು. ಅಷ್ಟಕ್ಕೇ ಅವನ ಕಣ್ಣು ತುಂಬಿ ಬಂತು.

"ಒಮ್ಮೆ ಕೆಮ್ರಿ."

ಕೆಮ್ಮಿದ.

"ಇನ್ನೊಮ್ಮೆ." ಡಾಕ್ಟರಮ್ಮನ ಕೈ ಎಡಕ್ಕೆ ಸರಿದು ಅಲ್ಲಿಯೇ ನಿಂತಿತು. "ಐತಿ. ಆದ್ರ ಎಡಕ್ಕ. ಸಣ್ಣದು, ಹೆದರಬ್ಯಾಡ್ರಿ. ಸಾವಕಾಶ ಆಪರೇಶನ್ ಮಾಡಿಸಿಕೊಳ್ರಿ. ಅಲ್ಲೀತನಕ ಭಾರ ಎತ್ತಬ್ಯಾಡ್ರಿ."

ಹರ್ನಿಯಾ ಇದೆ ಎಂದು ಕೇಳಿ ಕುಣಿಯಬೇಕೆನ್ನಿಸಿದ ಮೊದಲ ಮನುಷ್ಯ ಜಿನಪಾಲನೇ ಇರಬೇಕು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಸುಳ್ಳು ಎದ್ದು ಹೋಗಿತ್ತು! ಚೀಟಿ ಜೇಬಿಗಿಟ್ಟುಕೊಂಡು, ಪೂರ್ಣಿಮಾಳ ಮನೆಯ ಮೆತ್ತನೆಯ ಅನ್ನ-ತೊವ್ವೆ ಉಂಡು, ಹಗುರ ಸೊಂಟದಿಂದ ಬೆಳಗಾವಿಯ ಬಸ್ಸು ಹತ್ತಿದ.

ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದರೆ ಕಾಂತಾಳ ಬಾಜೂಕ್ಕೆ ಪ್ರಮಿಳಾ ಕೂತಿದ್ದಳು. ಅವಳ ಹೊಟ್ಟೆಯಲ್ಲಿ ಸುದ್ದಿ ಮಧ್ಯಾಹ್ನದವರೆಗೂ ನಿಂತಿರಲಿಲ್ಲ. ಕಾಂತಾ ನೀರು ಕೊಟ್ಟು, ಚೀಟಿ ಇಸಿದುಕೊಂಡು ಕನ್ನಡಕ ಹಾಕಿಕೊಂಡಳು.

"ಎಡಗಡಿ ಅಂತ ಬರದಾರಲ್ಲ."

"ಎಡಗಡಿ?" ಎಂದಳು ಪ್ರಮಿಳಾ. "ಬಲಗಡಿ ಅಲ್ಲೇನ್ರೀ? ನಾ ನೋಡಿದ್ದು ಬಲಕ್ಕ. ನಮ್ಮ ಪೂರ್ಣಿಮಾನೂ ಬಲಕ್ಕೇ ನೋಡ್ಯಾಳ. ಡಾಕ್ಟರ್‌ಗೆ ಎಡ ಬಲ ಗೊತ್ತಿಲ್ಲೇನು?"

ಕಾಂತಾ ಪ್ರಮಿಳಾಳ ಕೈಗೆ ಎರಡು ಚಕ್ಕುಲಿ ಇಟ್ಟು, "ಭಾಳ ಉಪಕಾರ ಆತವ್ವಾ," ಎಂದು ಮನಸಾರೆ ಹೇಳಿ ಬಾಗಿಲವರೆಗೂ ಕಳಿಸಿ ಬಂದಳು. ಬಾಗಿಲು ಹಾಕಿದಳು.

"ಎಡಕ್ಕ ಇದ್ದದ್ದು ಹರ್ನಿಯಾ. ಬಲಕ್ಕ ಇದ್ದದ್ದು ಏನ್ರೀ?"

ಜಿನಪಾಲ ಚೀಲದಿಂದ ಪಿಸ್ತೂಲು ತೆಗೆದು ಅವಳ ಮುಂದೆ ಇಟ್ಟು, ಸಾವಕಾರರಿಂದ ಸಮದನವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಕಾಂತಾ ಅದನ್ನು ಬೆರಳಿನಿಂದ ಬಡಿದಳು. ಟಕ್, ಟಕ್.

"ಕಟ್ಟಿಗೀದು."

"ಹೌದು. ಖರೇದ್ದು ಇನ್ನೂ ತರಿಸಬೇಕು."

"ಯಾಕ ತರಸ್ತೀರಿ? ಇದನ್ನೇ ಹಾಕ್ಕೊಂಡು ಹೋಗ್ರಿ. ಸಾವಕಾರ್ರಿಗೂ ಸಮಾಧಾನ, ಯಾವ ಜೀವಕ್ಕೂ ಅಪಾಯ ಇಲ್ಲ. ಬಲಕ್ಕೇ ಇರ್ಲಿ, ಎಡಕ್ಕ ಬ್ಯಾಡ."

"ಅವರಿಗೆ ಸುಳ್ಳು ಹೇಳಲೇನು?"

"ಸುಳ್ಳ್ಯಾಕ? ‘ಐತೇನು' ಅಂದ್ರ ‘ಐತಿ' ಅನ್ರಿ. ಎಂಥಾದ್ದು ಅಂತ ಅವ್ರು ಕೇಳಂಗಿಲ್ಲ."

ಅದು ನಿಜವೇ. ಸಾವಕಾರರಿಗೆ ದೀಪಾವಳಿಯ ಪಟಾಕಿ ಕಂಡರೂ ಕೈ ನಡುಗುತ್ತಿತ್ತು. ಪಿಸ್ತೂಲನ್ನು ಹೊರಗೆ ತೆಗೆಯಬೇಡ ಎಂದು ಮೊದಲೇ ಆಣೆ ಹಾಕಿಸಿದ್ದರು. ಜಿನಪಾಲನಿಗೆ ಲೈಸೆನ್ಸಿನ ಅರ್ಜಿ ಹೋದಂದಿನಿಂದ ಮೊದಲ ಸಲ ಮೈ ಹಗುರವಾಯಿತು. ಹೆಂಡತಿ ಮನೆಯಲ್ಲಿ ಉಳಿದಳು, ಖಾನಾಪುರ ಕೈಯಲ್ಲಿ ಉಳಿಯಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ನಗುತ್ತಿರುವಾಗಲೇ ಮೊಬೈಲು ರಿಂಗಣಿಸಿತು. ಸಾವಕಾರರು.

"ಜಿನಪಾಲ, ಐತೇನು?"

"ಐತ್ರೀ."

"ಸೊಂಟಕ್ಕ ಬರೋಬ್ಬರಿ ಕುಂತೈತೇನು?"

"ಕುಂತೈತ್ರೀ."

"ಶಾಬಾಸ್! ಜೀವಕ್ಕ ಆರಾಮ ಆತು ನೋಡಪಾ. ನಾಳೆ ಗೋವಾಕ್ಕ ಬೆಳ್ಳಿ ಕಳಸೂದೈತಿ, ಜಾಂಬೋಟಿ ಅಡವಿ ದಾರಿಲೆ. ನಾಕ ಮಂದಿ ಕಳಸ್ಬೇಕಂತ ಮಾಡಿದ್ದೆ. ನಿನ್ನ ಕಡೆ ಅದು ಇದ್ದ ಮ್ಯಾಲೆ ಅವರ್ಯಾಕ? ಜೀಪ ನಸಿಕಿನ್ಯಾಗ ಬರ್ತದ, ನೀ ಒಬ್ಬವನೇ ಹೋಗಿ ಬಾ."

ಫೋನು ಸುಮ್ಮನಾಯಿತು. ಕಾಂತಾ ಪಿಸ್ತೂಲನ್ನು ಎತ್ತಿ, ದೀಪದ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಏನ್ರೀ," ಎಂದಳು ಮೆಲ್ಲಗೆ, "ಸಮದ ಭಾಯಿ ಅಂಗಡಿ ಇನ್ನೂ ತಗದಿರ್ತದೇನು? ಇದಕಿಂತ ದೊಡ್ಡದೊಂದು ಕಟ್ಟಿಗೀದು ತರ್ರಿ."