ಎಣ್ಣೆ ಕಾಣದ ತಲೆ

ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಯ ಗಾಣ ನಡೆಸುವ ರುದ್ರೇಶ್ ಹದಿನೆಂಟು ವರ್ಷಗಳ ನಂತರ ಅಂದು ಬೆಳಿಗ್ಗೆ ಕಪ್ಪು ಅಂಗಿ ತೊಟ್ಟ. ಎಲ್ಲ ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಅವನ ತಲೆಹೊಟ್ಟು ಅಂತಿಂಥದ್ದಲ್ಲ. ಬಿಲ್ ಬರೆಯಲು ಬಗ್ಗಿದರೆ ಜರಡಿಯಿಂದ ಹಿಟ್ಟು ಬಿದ್ದಂತೆ ಉದುರುತ್ತಿತ್ತು. ಎಣ್ಣೆಗೆ ಬಂದವರು ಕ್ಯಾನಿನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ರಾತ್ರಿಯೆಲ್ಲ ಕೆರೆತ, ನಿದ್ದೆಯಿಲ್ಲ. ತಾಯಿ ದ್ರಾಕ್ಷಾಯಣಮ್ಮ "ತಲೆ ಒಣಗೈತೆ ಕಣಪ್ಪ" ಎಂದು ಇನ್ನಷ್ಟು ಎಣ್ಣೆ ಸುರಿಯುತ್ತಿದ್ದರು. ಕೊನೆಗೆ ಯಾರಿಗೂ ಹೇಳದೆ ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಹೋದ.

"ಒಣಗಿಲ್ಲ ಕಣ್ರೀ, ಜಿಡ್ಡು ಜಾಸ್ತಿಯಾಗಿದೆ" ಎಂದರು ಡಾಕ್ಟರು. "ಎಲ್ಲರ ತಲೇಲೂ ಕಣ್ಣಿಗೆ ಕಾಣದ ಬೂಷ್ಟು ಇರುತ್ತೆ. ಅದು ಬೆಳೆಯೋದೇ ಜಿಡ್ಡು ತಿಂದು. ನೀವು ದಿನಾ ಅದಕ್ಕೆ ಊಟ ಬಡಿಸ್ತಿದ್ದೀರಿ. ಎಣ್ಣೆ ನಿಲ್ಲಿಸಿ. ಈ ಶಾಂಪೂ ವಾರಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೀರಿ. ಅಂದಹಾಗೆ, ನಿಮ್ಮ ಕೆಲಸ?"

"ಏನೋ ಸಣ್ಣ ವ್ಯಾಪಾರ ಸಾ" ಎಂದು ರುದ್ರೇಶ್ ಎದ್ದುಬಂದ.

"ನಾನೇ ಹಚ್ಕೊತೀನಿ ಕೊಡಮ್ಮ" ಎಂದು ಅಂಗೈಗೆ ಹಾಕಿಸಿಕೊಂಡ ಎಣ್ಣೆಯೆಲ್ಲ ಆ ತಿಂಗಳು ಗೇಟಿನ ಕೀಲಿಗೆ, ಬೈಕಿನ ಚೈನಿಗೆ ಹೋಯಿತು. ಹೊಟ್ಟು ಮಾಯ, ಕೆರೆತ ಮಾಯ. ಕಪ್ಪು ಅಂಗಿ ತೊಡುವಷ್ಟು ಧೈರ್ಯ ಬಂತು.

ಮೊದಲು ಗಮನಿಸಿದ್ದು ಎದುರಿನ ಟೀ ಅಂಗಡಿಯ ಚಿಕ್ಕರಂಗಯ್ಯ.

"ಲೇ ರುದ್ರೇಶ, ಬಗ್ಗಲಾ!" ಎಂದು ಕುತ್ತಿಗೆ ಹಿಡಿದು ಬಗ್ಗಿಸಿ, ಕೂದಲು ಬಿಡಿಸಿ ನೋಡಿದ. "ಒಂದ್ ಚೂರೂ ಹೊಟ್ಟಿಲ್ವಲ್ಲಾ! ಅದೇನ್ ಹಚ್ದೆ?"

ರುದ್ರೇಶ್ ಕುತ್ತಿಗೆ ಬಿಡಿಸಿಕೊಂಡ. ಎಣ್ಣೆ ಬಿಟ್ಟಿದ್ದಕ್ಕೇ ವಾಸಿಯಾಯಿತು ಎಂದು ಗೊತ್ತಾದರೆ ಅಜ್ಜನ ಕಾಲದ ಗಾಣಕ್ಕೆ ಬೀಗವೇ ಗತಿ. "ಏನೂ ಹಚ್ಚಿಲ್ಲ ಕಣಣ್ಣ" ಎಂದ. ಅಪ್ಪಟ ನಿಜ ಹೇಳಿದರೂ ನಂಬುವವರು ಬೇಕಲ್ಲ.

"ಮುಚ್ಚಿಡಬ್ಯಾಡ ಕಣ್ಲಾ. ನಿಮ್ ಗಾಣದೆಣ್ಣೇನೆ ಅಲ್ವಾ?" ಚಿಕ್ಕರಂಗಯ್ಯನ ಗಂಟಲು ಬೀದಿಯ ಕೊನೆಗೂ ಕೇಳುವಂಥದ್ದು. ಕೊಬ್ಬರಿ ಹರಾಜಿಗೆ ಬಂದಿದ್ದ ಹಾಲ್ಕುರಿಕೆಯ ರೈತರು ಓಡಿಬಂದರು. ಒಬ್ಬ ಜುಟ್ಟು ಹಿಡಿದು ಎಳೆದ, ಇನ್ನೊಬ್ಬ ಮೊಬೈಲಿನ ಟಾರ್ಚ್ ಬಿಟ್ಟ. ರುದ್ರೇಶನ ತಲೆ ಊರಿನ ಸೊತ್ತಾಯಿತು.

ಅಷ್ಟರಲ್ಲಿ ಬಂದವರು ದಬ್ಬೇಘಟ್ಟದ ದಿನಸಿ ವ್ಯಾಪಾರಿ ಏಕಾಂತಯ್ಯ. ಅವರು ಮೂಸಿ ನೋಡದೆ ಏನನ್ನೂ ಕೊಳ್ಳುವವರಲ್ಲ. ರುದ್ರೇಶನ ನೆತ್ತಿಗೂ ಮೂಗಿಟ್ಟರು.

"ಇದೇನ್ರೀ, ಎಣ್ಣೆ ವಾಸನೇನೇ ಇಲ್ವಲ್ಲ?"

ಎಲ್ಲರೂ ರುದ್ರೇಶನ ಮುಖ ನೋಡಿದರು. ತನ್ನ ಕಥೆ ಮುಗಿಯಿತು ಎಂದು ಅವನು ಅಂದುಕೊಳ್ಳುವಾಗ ಚಿಕ್ಕರಂಗಯ್ಯ ಕೈ ತಟ್ಟಿ ಕೂಗಿದ: "ಅದೇ ಅಲ್ವರಾ ಒಳ್ಳೆ ಎಣ್ಣೆ ಅಂದ್ರೆ! ಹಚ್ಚಿದ ಗಳಿಗೇಲೇ ಇಂಗೋಯ್ತದೆ. ಜಿಡ್ಡಿಲ್ಲ, ವಾಸ್ನೆ ಇಲ್ಲ!"

"ಹೌದೌದು" ಎಂದು ಏಕಾಂತಯ್ಯ ತಲೆದೂಗಿ, ಇದ್ದ ಎಣ್ಣೆಯಲ್ಲಿ ಅರ್ಧ ತಮಗೇ ಬೇಕೆಂದರು. ಉಳಿದದ್ದಕ್ಕೆ ನೂಕುನುಗ್ಗಲು. ಮಧ್ಯಾಹ್ನದ ಹೊತ್ತಿಗೆ ಗಾಣದಲ್ಲಿ ಒಂದು ತೊಟ್ಟೂ ಉಳಿಯಲಿಲ್ಲ. ಅವನನ್ನು ಕಂಡರೆ ದೂರ ಸರಿಯುತ್ತಿದ್ದವರೆಲ್ಲ ಅಂದು ತಲೆ ಸವರಿ ಹೋದರು. ಹೆಂಗಸರು ಸೆಲ್ಫಿ ತೆಗೆದುಕೊಂಡರು. ಇಂಥ ಗೆಲುವನ್ನು ರುದ್ರೇಶ್ ಜನ್ಮದಲ್ಲೇ ಕಂಡಿರಲಿಲ್ಲ. ಎದೆಯುಬ್ಬಿಸಿ ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ.

ಆದರೂ ಮನಸ್ಸು ಚುಚ್ಚುತ್ತಿತ್ತು. ಸಂಜೆ ತಂದೆ ಸದಾಶಿವಯ್ಯನವರ ಮುಂದೆ ನಿಂತ.

"ಅಪ್ಪಾಜಿ, ತಪ್ಪಾಯ್ತು. ನಾನು ಎಣ್ಣೆ ಹಚ್ಚಿ ಒಂದ್ ತಿಂಗ್ಳಾಯ್ತು."

ಸದಾಶಿವಯ್ಯ ಎದ್ದು ಬಾಗಿಲ ಚಿಲಕ ಹಾಕಿದರು. "ಮೆತ್ತಗೆ ಮಾತಾಡ್ಲಾ. ನಾನು ಹಚ್ಚಿ ಹದಿನೆಂಟು ವರ್ಸ ಆಯ್ತು. ನೀರು ಸವರ್ಕೊಂಡು ಬಾಚ್ತೀನಿ, ಅಷ್ಟೆ. ನನ್ ತಲೆಗೂ ಎಣ್ಣೆ ಆಗಲ್ಲ."

ರುದ್ರೇಶನಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಇನ್ಮೇಲೆ ಇಬ್ರೂ..."

"ಇಬ್ರೂ ಬುಟ್ರೆ ಹೆಂಗೆ? ಮನೆ ಗಂಡಸ್ರಲ್ಲಿ ಒಬ್ನೂ ಹಚ್ದೆ ಊರಿಗೆ ಮಾರಿದ್ರೆ ಮೋಸ ಆಗ್ತದೆ ಕಣಪ್ಪ. ನಮ್ಮಪ್ಪ ನನ್ನನ್ನ ಗಾಣದಲ್ಲಿ ಕೂರಿಸ್ದಾಗ ಅವ್ರು ಬುಟ್ರು. ನೀನು ಕೂತ ದಿನ ನಾನು ಬುಟ್ಟೆ. ನಿನ್ ಮಗ ದೊಡ್ಡೋನಾಗ್ಲಿ, ನೀನೂ ಬುಡೀವಂತೆ."

ಮಗ ಇನ್ನೂ ಒಂದನೇ ಕ್ಲಾಸು. ಸದಾಶಿವಯ್ಯ ಹೊಸ ಎಣ್ಣೆಯ ತಂಬಿಗೆ ತಂದು, ಮಗನನ್ನು ಮಣೆಯ ಮೇಲೆ ಕೂರಿಸಿ, ಧಾರಾಳವಾಗಿ ನೆತ್ತಿಗೆ ಬಗ್ಗಿಸಿದರು.