ಗೋದಾಮಿಗೆ ಹನ್ನೊಂದು ಸಲ ಬೆಂಕಿ ಬಿದ್ದ ಕಥೆ

ನಮ್ಮ ಮನೆಯ ಕಂಪ್ಯೂಟರನ್ನು ಕೊಂದವನು ನಾನೇ. ಇದನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದಕ್ಕೆ ಕಾರಣವಿದೆ. ಅಷ್ಟು ಶಾಸ್ತ್ರೋಕ್ತವಾಗಿ ಒಂದು ಕಂಪ್ಯೂಟರನ್ನು ಕೊಲ್ಲಬೇಕಾದರೆ ಅಗ್ನಿಶಾಮಕ ದಳದಲ್ಲಿ ಮೂವತ್ತೊಂದು ವರ್ಷ ಮಣ್ಣು ಹೊತ್ತಿರಬೇಕು. ನಾನು ಹೊತ್ತಿದ್ದೇನೆ, ಠಾಣಾಧಿಕಾರಿಯಾಗಿ ನಿವೃತ್ತನಾಗಿದ್ದೇನೆ. ನಾನು ಎದುರಿಗೆ ನಿಂತರೆ ಬೆಂಕಿಗೇ ಬೆವರು ಬರುತ್ತಿತ್ತು. (ಇದು ಜಂಬದ ಮಾತಲ್ಲ. ನನ್ನ ಆತ್ಮಕಥೆಯಲ್ಲಿ ಅಚ್ಚುಕಟ್ಟಾಗಿ ದಾಖಲಾಗಿದೆ.)

ಆ ಆತ್ಮಕಥೆ ಇದ್ದದ್ದು ಅದೇ ಕಂಪ್ಯೂಟರಿನಲ್ಲಿ, ಅದೊಂದರಲ್ಲೇ. ನಾಲ್ಕು ವರ್ಷ, ಬಲಗೈಯ ತೋರುಬೆರಳೊಂದರಿಂದಲೇ ಕುಟ್ಟಿ ಕುಟ್ಟಿ ಎಬ್ಬಿಸಿದ ಮಹಾಸೌಧ. ಭಾನುವಾರ ನಮ್ಮ ಠಾಣೆಯ ಹಳಬರ ಕೂಟವಿತ್ತು. ಅಲ್ಲಿ ‘ಗೋದಾಮಿನ ಬೆಂಕಿ’ ಅಧ್ಯಾಯವನ್ನು ಓದುತ್ತೇನೆಂದು ಎಲ್ಲರಿಗೂ ಫೋನು ಮಾಡಿ ಹೇಳಿದ್ದೆ. ಬರುವುದಕ್ಕಾಗುವುದಿಲ್ಲ ಎಂದವರಿಗೆ ಎರಡೆರಡು ಸಲ ಹೇಳಿದ್ದೆ.

ಕೂಟಕ್ಕೆ ಇನ್ನೂ ಆರು ದಿನವಿದ್ದ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಟವೆಲು ಸುತ್ತಿಕೊಂಡು ಬಚ್ಚಲಿನಿಂದ ಹೊರಗೆ ಬರುತ್ತೇನೆ, ಕಂಪ್ಯೂಟರಿನ ಹಿಂದಿನಿಂದ ದಟ್ಟ ಹೊಗೆ! ಬೇರೆಯವರಾಗಿದ್ದರೆ ಬಾಯಿ ಬಡಿದುಕೊಳ್ಳುತ್ತಿದ್ದರು. ನಾನು ಎರಡೇ ನೆಗೆತಕ್ಕೆ ಬಾಗಿಲ ಪಕ್ಕದ, ಬೆಂಕಿ ಆರಿಸುವ ಹುಡಿ ತುಂಬಿದ ಕೆಂಪು ಸಿಲಿಂಡರು ಕಿತ್ತುಕೊಂಡು, ಪಿನ್ನು ಎಳೆದು, ಗುರಿಯಿಟ್ಟು ಒತ್ತಿದೆ. ಅಡುಗೆಮನೆಯಿಂದ ಹೆಂಡತಿ ಏನೋ ಕೂಗುತ್ತಿದ್ದಳು. ಬೆಂಕಿ ಬಿದ್ದಾಗ ಕೂಗಾಡುವವರಿಗೆ ಕಿವಿಗೊಡಬಾರದು ಎನ್ನುವುದು ನಮ್ಮ ತರಬೇತಿಯ ಮೊದಲ ಪಾಠ. ಸಿಲಿಂಡರು ಖಾಲಿಯಾಗುವವರೆಗೂ ಕಿವಿ ಕೊಡಲಿಲ್ಲ.

ಹುಡಿಯೆಲ್ಲ ಕೆಳಗಿಳಿದ ಮೇಲೆ ನೋಡಿದರೆ, ಬೆಳ್ಳಗಾದ ಹಜಾರದ ಬಾಗಿಲಲ್ಲಿ ಹೆಂಡತಿ ಕರ್ರಗಾದ ಬಾಣಲೆ ಹಿಡಿದು ನಿಂತಿದ್ದಳು.

“ಮೂರು ಸಲ ಕೂಗಿದೆ ಕಣ್ರೀ! ಪಲ್ಯ ಸೀದುಹೋಗಿದೆ, ಹೊಗೆ ಕಿಟಕಿಯಿಂದ ಆ ಕಡೆ ಬರ್ತಿದೆ ಅಂತ!”

(ಕಂಪ್ಯೂಟರಿನ ಮೇಜು ಹಜಾರಕ್ಕೆ ತೆರೆದ ಅಡುಗೆಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂತಿದೆ. ಅಲ್ಲಿ ಇಟ್ಟವನೂ ನಾನೇ.)

“ಎಷ್ಟು ಸೆಕೆಂಡಲ್ಲಿ ಆರಿಸಿದೆ ನೋಡಿದೆಯಾ?” ಎಂದೆ.

“ಏನನ್ನ?” ಎಂದಳು.

ಆಗಲೂ ಕಂಪ್ಯೂಟರು ಬದುಕಿತ್ತೋ ಏನೋ. ಒದ್ದೆ ಬಟ್ಟೆಯಿಂದ ಒರೆಸಿ, ಹೇಗಿದೆ ನೋಡೋಣವೆಂದು ಸ್ವಿಚ್ಚು ಒತ್ತಿದೆ. ಟಪ್ ಎಂದಿತು. ಅಷ್ಟೇ.

ಬೀದಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರು ರಿಪೇರಿ ಮಾಡುತ್ತಾಳೆ. ಬೀದಿಯವರೆಲ್ಲ ಅವಳನ್ನು ಡಾಕ್ಟ್ರು ಎನ್ನುತ್ತಾರೆ. ಹೆಣ ಹೊತ್ತು ಅಲ್ಲಿಗೆ ಹೋದೆವು. ಡಾಕ್ಟ್ರು ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ಬಿಟ್ಟು ನೋಡಿ, “ಬೆಂಕಿ ಅಂದ್ರಿ. ಎಲ್ಲೂ ಸುಟ್ಟ ಗುರುತೇ ಇಲ್ವಲ್ಲ ಸಾರ್?” ಎಂದಳು.

“ಸುಡೋದಕ್ಕೆ ಮುಂಚೆಯೇ ಆರಿಸಿಬಿಟ್ಟೆ,” ಎಂದೆ, ಎದೆ ಸೆಟೆಸಿ.

ಬುಧವಾರ ಫೋನು ಬಂತು. “ಸಾರ್, ಡಿಸ್ಕಿಗೆ ಪೆಟ್ಟು ಬಿದ್ದಿದೆ, ಆದ್ರೂ ಫೈಲುಗಳು ಸಿಕ್ಕಿವೆ. ಹೆಸರುಗಳು ಹೋಗಿವೆ, ಬರೀ ನಂಬರು. ಮತ್ತೆ, ನೀವು ಯಾವತ್ತೋ ಅಳಿಸಿದ್ದೂ ಎದ್ದು ಬಂದಿದೆ. ಒಂದೊಂದೇ ತೆಗೆದು ನೀವೇ ಗುರುತು ಹಿಡೀಬೇಕು.”

ಅಳಿಸಿದ್ದೂ ಎದ್ದು ಬಂದಿದೆ ಎಂದದ್ದೇ ತಡ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೆ; ಹೆಂಡತಿಯೂ ಬೆನ್ನಿಗೇ ಬಂದಳು. ನನಗೆ ತಿದ್ದಿ ಬರೆಯುವ ಅಭ್ಯಾಸವಿಲ್ಲ. ಹೊಸದಾಗಿ ಬರೆಯುತ್ತೇನೆ, ಹಳೆಯದನ್ನು ಅಳಿಸುತ್ತೇನೆ. ಜತೆಗೆ ಠಾಣೆಯ ದಿನಚರಿ ಬರೆದ ಕೈ ನೋಡಿ, ಏನು ಬರೆದರೂ ತಲೆಯ ಮೇಲೆ ತಾರೀಖು, ವೇಳೆ ಹಾಕಿಯೇ ಹಾಕುತ್ತೇನೆ.

ಅಂಗಡಿಯಲ್ಲಿ ಎರಡು ಸ್ಟೂಲು ಹಾಕಿಕೊಂಡು ಕೂತೆವು. ಅವಸರದಲ್ಲಿ ನಾನು ಕನ್ನಡಕ ಮರೆತಿದ್ದೆ; ಹೆಂಡತಿ ಗಟ್ಟಿಯಾಗಿ ಓದತೊಡಗಿದಳು. ಗೋದಾಮಿನ ಬೆಂಕಿಯೊಂದೇ ಹನ್ನೊಂದು ಸಿಕ್ಕಿತು. ತಾರೀಖಿನ ಪ್ರಕಾರ ಜೋಡಿಸಿ ಓದಿದಳು.

ಮೊದಲನೆಯದರಲ್ಲಿ ಜ್ವಾಲೆ ಬಾಗಿಲಿನಷ್ಟು ಎತ್ತರ. ನಾಲ್ಕನೆಯದರಲ್ಲಿ ತೆಂಗಿನಮರದಷ್ಟು. ಒಂಬತ್ತನೆಯದರಲ್ಲಿ ಸೂರ್ಯ ಶಾಖ ತಾಳಲಾರದೆ ಮೋಡದ ಹಿಂದೆ ಸರಿದಿದ್ದ.

“ಸಾರ್, ಎಲ್ಲಾ ಒಂದೇ ಗೋದಾಮಾ?” ಎಂದಳು ಡಾಕ್ಟ್ರು, ಸ್ಕ್ರೂ ಡ್ರೈವರು ಕೆಳಗಿಟ್ಟು.

“ತಡಿಯಮ್ಮಾ, ಇನ್ನೂ ಇದೆ,” ಎಂದಳು ಹೆಂಡತಿ.

ಮೊದಲನೆಯದರಲ್ಲಿ ನಾನು ಒಳಗೆ ನುಗ್ಗಿ, ಹೊಗೆ ಕುಡಿದು ತಲೆ ಸುತ್ತಿ ಬೀಳುತ್ತೇನೆ. ನಮ್ಮ ಗಾಡಿಯ ಚಾಲಕ ನನ್ನನ್ನು ಹೆಗಲ ಮೇಲೆ ಹೊತ್ತು ಹೊರಗೆ ತರುತ್ತಾನೆ. (ದಿನಕ್ಕೆ ಮೂರು ಮಾತು ಆಡಿದರೆ ಹೆಚ್ಚು, ಅವನನ್ನು ನಾವು ಮೌನಿ ಎಂದೇ ಕರೆಯುತ್ತಿದ್ದೆವು.) ಐದನೆಯದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಬರುತ್ತೇವೆ. ಹನ್ನೊಂದನೆಯದರಲ್ಲಿ ನನ್ನ ಒಂದು ಹೆಗಲ ಮೇಲೆ ಮೌನಿ, ಇನ್ನೊಂದರ ಮೇಲೆ ಕಾವಲುಗಾರ, ಕಂಕುಳಲ್ಲಿ ಗೋದಾಮಿನ ಕಬ್ಬಿಣದ ಪೆಟ್ಟಿಗೆ.

“ಇನ್ನೊಂದು ಸಲ ಬರೆದಿದ್ರೆ ಗೋದಾಮನ್ನೇ ಹೊತ್ಕೊಂಡು ಬರ್ತಿದ್ರು,” ಎಂದಳು ಹೆಂಡತಿ. ಡಾಕ್ಟ್ರು ನಕ್ಕ ರಭಸಕ್ಕೆ ಕಪಾಟಿನಿಂದ ಎರಡು ಕೀಬೋರ್ಡು ಬಿದ್ದವು.

ಮನೆಗೆ ಬರುವ ದಾರಿಯಲ್ಲಿ ಮಾತ್ರ ಹೆಂಡತಿ ನಗಲಿಲ್ಲ. “ಭಾನುವಾರ ಮೌನಿ ಮುಂದಿನ ಸಾಲಲ್ಲೇ ಕೂತಿರ್ತಾರೆ. ಅವರ ಮುಖ ನೋಡ್ಕೊಂಡು ಆ ಹನ್ನೊಂದನೇದು ಓದ್ತೀರಾ?”

“ಅವನು ಏನೂ ಅನ್ನಲ್ಲ ಕಣೇ. ಮಾತೇ ಆಡಲ್ಲ.”

“ಅದಕ್ಕೇ ಅಲ್ವಾ ನಿಮಗೆ ಇಷ್ಟು ಧೈರ್ಯ ಬಂದಿದ್ದು.”

ಆದರೂ ಹನ್ನೊಂದನೆಯದನ್ನೇ ಅಚ್ಚು ತೆಗೆಸು ಎಂದು ಅಪ್ಪಣೆ ಕೊಟ್ಟೆ. ಎಷ್ಟಾದರೂ ಅಧಿಕಾರಿ.

ಭಾನುವಾರ ವೇದಿಕೆ ಹತ್ತಿ, ಕನ್ನಡಕ ಏರಿಸಿ, ಅವಳು ಕೊಟ್ಟ ಲಕೋಟೆ ಬಿಚ್ಚಿದೆ. ತಲೆಯ ಮೇಲಿನ ತಾರೀಖು ನೋಡಿದೆ. ಮೊದಲನೆಯದು! ಹೆಂಡತಿಯ ಕಡೆ ಕಣ್ಣು ಬಿಟ್ಟರೆ, ಅವಳು ಸೀಲಿಂಗಿನ ಫ್ಯಾನಿಗೆ ಎಷ್ಟು ರೆಕ್ಕೆಯೆಂದು ಎಣಿಸುತ್ತಿದ್ದಳು. ಹನ್ನೊಂದನೆಯದನ್ನು ಬಾಯಿಪಾಠವಾಗಿಯೇ ಒಪ್ಪಿಸಬಲ್ಲೆ ನಾನು; ಬಾಯಿ ತೆರೆದೂ ತೆರೆದೆ. ಆದರೆ ಮುಂದೆಯೇ ಮೌನಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಕಟ್ಟಿ ಕೂತಿದ್ದ.

ಕೈಯಲ್ಲಿದ್ದದ್ದನ್ನೇ ಓದಿದೆ. ಬಿದ್ದದ್ದನ್ನು ಓದಿದೆ, ಅವನು ಹೊತ್ತದ್ದನ್ನೂ ಓದಿದೆ. ಮುಗಿದಾಗ ಬಿದ್ದ ಚಪ್ಪಾಳೆಗೆ ಪಕ್ಕದ ಬೀದಿಯ ಗಾಜುಗಳು ನಡುಗಿದವು. ಜೀವಮಾನದಲ್ಲಿ ಇಷ್ಟು ದೊಡ್ಡ ಮನುಷ್ಯ ನಾನು ಎಂದೂ ಆಗಿರಲಿಲ್ಲ. ವಿನಯದ ಭಾರಕ್ಕೆ ಕುತ್ತಿಗೆ ಬಗ್ಗಿತು.

ಆಗ ಮೌನಿ ಎದ್ದು ಮೈಕಿನ ಹತ್ತಿರ ಬಂದ. ಕಣ್ಣು ಒದ್ದೆಯಾಗಿತ್ತು.

“ಸಾಹೇಬ್ರು ದೊಡ್ಡ ಮನಸ್ಸಿಂದ ಬರ್ದಿದಾರೆ,” ಎಂದ. “ಒಂದೇ ಒಂದು ತಿದ್ದುಪಡಿ. ಹೆಗಲ ಮೇಲೆ ಹೊತ್ಕೊಂಡು ಬಂದೆ ಅಂತಿದೆ. ಸಾಹೇಬ್ರ ಗಾತ್ರ ನೀವೆಲ್ಲಾ ನೋಡಿದೀರಿ. ಎರಡು ಕಾಲು ಹಿಡ್ಕೊಂಡು ದರದರ ಎಳ್ಕೊಂಡು ಬಂದೆ. ಬಾಗಿಲಲ್ಲಿ ನಾಲ್ಕು ಮೆಟ್ಟಿಲಿತ್ತು. ಕ್ಷಮಿಸ್ಬೇಕು ಸಾಹೇಬ್ರೆ, ತಲೆ ನಾಲ್ಕಕ್ಕೂ ತಗಲ್ತು.”

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಧರ್ಮಪತ್ನಿ. “ಇವರು ಯಾಕೆ ಹೀಗೆ ಅಂತ ಇವತ್ತು ಗೊತ್ತಾಯ್ತು ನೋಡಿ!”

ಇರಲಿ. ಅಂಥ ಪೆಟ್ಟಿಗೂ ಒಡೆಯದ ತಲೆ ಈ ನಾಡಿನಲ್ಲಿ ಎಷ್ಟಿವೆ? ಹನ್ನೆರಡನೆಯ ಕರಡು ಬರೆಯಲು ಕೂತಿದ್ದೇನೆ. ಎಳೆದದ್ದು ಮೌನಿಯೇ, ಎಳೆಸಿಕೊಂಡವನು ನಾನೇ. ಅದರಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ.

ಮೆಟ್ಟಿಲುಗಳನ್ನು ಮಾತ್ರ ನಲವತ್ತು ಮಾಡಿದ್ದೇನೆ.