ಬದನೆಕಾಯಿಗೆ ಹುಳಿಯಿಲ್ಲವೆಂದವರಾರು?

ಹುಣಸೆಯ ಹಣ್ಣೇ, ಆಮ್ಲಕುಲತಿಲಕವೇ, ಇದ್ದಾಗ ಯಾರ ಗಮನಕ್ಕೂ ಬಾರದೆ ಇಲ್ಲದಾಗ ಸಾಮ್ರಾಜ್ಯಗಳನ್ನು ಅಲುಗಿಸುವ ನಿಗೂಢಶಕ್ತಿಯೇ, ಮೊದಲ ನಮಸ್ಕಾರ ನಿನಗೆ. ಎರಡನೆಯದು ಮಧ್ಯಾಹ್ನದ ಗಂಟೆಗೆ. ಅದರ ನಾದ ಕೇಳಿ ಹಸಿಯದ ಹೊಟ್ಟೆಯಿಲ್ಲ. ಮೂರನೆಯದು ಆ ಯುಗಕ್ಕೆ. ಘಟಪ್ರಭೆಯ ದಂಡೆಯ ಆ ಪ್ರೌಢಶಾಲೆಯಲ್ಲಿ ಶಿಕ್ಷಕರು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಬುತ್ತಿಗಳನ್ನು ನಡುವಿಗಿಟ್ಟು, ಯಾರ ರೊಟ್ಟಿ ಯಾರ ಕೈಗೆ ಹೋಯಿತೆಂದು ಕೇಳದೆ ಉಣ್ಣುತ್ತಿದ್ದ ಧರ್ಮಯುಗವದು.

ಆ ಯುಗದಲ್ಲಿ ಒಬ್ಬ ವೀರನಿದ್ದ. ಆಂಗ್ಲಭಾಷಾರಣಧುರಂಧರ, ಬಾಡಿಗೆಕೋಣೆಯ ಏಕಾಂತವಾಸಿ, ಸ್ವಯಂಪಾಕಪರಾಙ್ಮುಖ ಗುರುಶಾಂತ ಕಂಬಾಳಿಮಠ. ತಾನು ಬೇಯಿಸಿದ ಅನ್ನವನ್ನು ಒಮ್ಮೆ ಬೀದಿನಾಯಿಯ ಮುಂದಿಟ್ಟಿದ್ದ. ಅದು ಅನ್ನವನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿ ಹೊರಟುಹೋಯಿತು. ಅಂದಿನಿಂದ ಅವನು ಒಲೆ ಮುಟ್ಟಿದವನಲ್ಲ. ಅವನ ಬುತ್ತಿಯಲ್ಲಿ ಅಂಗಡಿಯ ಬ್ರೆಡ್ಡು, ಹೊಟ್ಟೆಯಲ್ಲಿ ಮಾತ್ರ ನೀಲಗಂಗಕ್ಕನ ರೊಟ್ಟಿ.

ಈ ನೀಲಗಂಗಕ್ಕ ಭೂಗೋಳ ಕಲಿಸುವಾಕೆ. ಸಪ್ತಸಮುದ್ರನಕಾಶೆಧಾರಿಣಿ, ವೃಂತಾಕವೆಂಬ ಬದನೆಯ ಪಾಕವಿಶಾರದೆ, ಸಮಸ್ತಸಿಬ್ಬಂದಿಜಠರಾಗ್ನಿಶಮನಪರಾಯಣೆ. ಗುರುಶಾಂತನ ತಲೆ ಎತ್ತರದಲ್ಲಿ ತೊಲೆಗೆ ತಾಗುತ್ತಿದ್ದರೂ ಅವನನ್ನು "ತಮ್ಮಾ" ಎಂದೇ ಕರೆದು, ಮೊದಲ ರೊಟ್ಟಿಯನ್ನು ಅವನ ಕಡೆಗೇ ನೂಕುತ್ತಿದ್ದ ತಾಯಿ.

ವೀರನೆಂದ ಮೇಲೆ ಕವಚ ಬೇಡವೇ? ಗುರುಶಾಂತನಿಗೆ ಅದು ಎಂ.ಎ. ಓದುವಾಗ ಗುರುಮುಖದಿಂದ ದೊರಕಿತ್ತು. ಇಂಗ್ಲಿಷಿನಲ್ಲಿ ಒಂದು ಕೃತಿಯ ಗುಣದೋಷ ಬರೆಯುವವನು "ನನಗೆ ಹೀಗೆ ತೋರಿತು" ಎಂದರೆ ಅದು ಹುಡುಗಾಟ. "ಹೀಗೆಂದು ಅರ್ಥೈಸಲಾಗಿದೆ" ಎಂದರೆ ಪಾಂಡಿತ್ಯ. ಹಾಗೆ ಬರೆದಾಗ ಮಾತು ನಿಲ್ಲುತ್ತದೆ, ಆಡಿದವನು ಮಾಯವಾಗುತ್ತಾನೆ. ಬಾಣ ಬರುತ್ತದೆ, ಬಿಲ್ಲು ಕಾಣುವುದಿಲ್ಲ. ಆ ಕವಚ ತೊಟ್ಟು ಅವನು ಎಷ್ಟೋ ಮಹಾಕವಿಗಳ ತಪ್ಪು ಹೆಕ್ಕಿದ್ದ. ಸತ್ತ ಕವಿಗಳಾದ್ದರಿಂದ ಯಾರೂ ಎದ್ದು ಬಂದು ಕೇಳಿರಲಿಲ್ಲ.

ಆದರೆ ವಿಧಿ ಅವನನ್ನು ಬದುಕಿರುವ ಬದನೆಕಾಯಿಯ ಎದುರಿಗೆ ತಂದು ನಿಲ್ಲಿಸಿತು.

ಎಳ್ಳಮಾವಾಸ್ಯೆಯ ಮರುದಿನ ನಾಲ್ವರೂ ಶಿಕ್ಷಕರು ಹೊಳೆದಂಡೆಗೆ ಹೋಗಿ ಉಂಡು ಬಂದರು. ಬದನೆಕಾಯಿಯ ಎಣಗಾಯಿ ಮಾಡಿದವರು ನೀಲಗಂಗಕ್ಕ. ಉಂಡವರೆಲ್ಲ ಭೇಷ್ ಅಂದರು. ಮುಖ್ಯಗುರು ಅಡಿವೆಪ್ಪನವರು ಅಲ್ಲಿಯೇ ಆಜ್ಞೆ ಮಾಡಿದರು: ಈ ವನಭೋಜನದ ವರ್ಣನೆ ಶಾಲೆಯ ಗೋಡೆಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರಬೇಕು, ಮಕ್ಕಳು ಓದಿ ಕಲಿಯಬೇಕು. ಗುರುಶಾಂತ ಬರೆದ. ಹೊಳೆ ಬರೆದ, ಬೆಳ್ಳಕ್ಕಿ ಬರೆದ, ಬಿಸಿಲು ಬರೆದ. ಬರೆಯುವ ಕೈಗೆ ಹುರುಪು ಬಂದಾಗ ಹಿಡಿಯುವವರಾರು? ಕೊನೆಗೆ ಕವಚ ತೊಟ್ಟು ಇದನ್ನೂ ಬರೆದ. ಕನ್ನಡದಲ್ಲಿ ಹೇಳುವುದಾದರೆ: "ಬದನೆಕಾಯಿಯಲ್ಲಿ ಹುಳಿಯ ಅಭಾವವು ಗಮನಿಸಲ್ಪಟ್ಟಿತು; ಇದನ್ನು ಪಾಕಕರ್ತೃವಿನ ಅವಸರದ ಕುರುಹಾಗಿ ಅರ್ಥೈಸಬಹುದೆಂದು ಅಭಿಪ್ರಾಯಪಡಲಾಯಿತು."

ಮರುದಿನ ನೀಲಗಂಗಕ್ಕ ನಕಾಶೆಯ ಕೋಲು ಹಿಡಿದು ಗೋಡೆಯ ಮುಂದೆ ನಿಂತರು. ಖಂಡಗಳನ್ನೂ ಕೊಲ್ಲಿಗಳನ್ನೂ ತೋರಿಸಿ ಪಳಗಿದ ಆ ಕೋಲು ಹೊಳೆ ದಾಟಿತು, ಬೆಳ್ಳಕ್ಕಿ ದಾಟಿತು, ಬದನೆಕಾಯಿಯ ಮೇಲೆ ಬಂದು ನಿಂತುಬಿಟ್ಟಿತು. ಮಧ್ಯಾಹ್ನ ಶಿಕ್ಷಕರ ಕೋಣೆಯೊಳಗೆ ಬುತ್ತಿಗಳನ್ನು ಬಿಚ್ಚುವ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತು ಗುಡುಗಿದರು.

"ಕಂಬಾಳಿಮಠ ಸರ್ರ!"

ಅಯ್ಯೋ, ನಿನ್ನೆಯವರೆಗೆ "ತಮ್ಮಾ" ಎಂದ ಬಾಯಿ! ಗುರುಶಾಂತನ ಕೈಯ ಬ್ರೆಡ್ಡು ಕೈಯಲ್ಲೇ ಉಳಿಯಿತು.

"ಬದನಿಕಾಯಿಗೆ ಹುಳಿ ಇಲ್ಲಂತ ಅಂದಾವರು ಯಾರ್ರಿ?"

ಆಗ ವೀರನ ಎದೆಯೊಳಗೆ ಮಹಾವಾಕ್ಯಗಳು ಎದ್ದವು. ಎಲೈ ಅನ್ನದಾತೆಯೇ, ಆಲಿಸು. ವಿಮರ್ಶಕನಾದವನು ವ್ಯಕ್ತಿಯಲ್ಲ, ಸತ್ಯದ ಕೊಳಲಷ್ಟೇ. ಊದುವ ಗಾಳಿ ಯಾರದೆಂದು ಕೊಳಲನ್ನು ಕೇಳುವುದುಂಟೇ? ಹೀಗೆಲ್ಲ ಎದೆಯಲ್ಲಿ ಮೊಳಗಿತು. ಬಾಯಿಂದ ಬಿದ್ದದ್ದು ಇಷ್ಟೇ:

"ಅದು... ಹಂಗ ಬರೀತಾರ್ರಿ ಅಕ್ಕಾರ. ಇಂಗ್ಲಿಷಿನ್ಯಾಗ ಅದು ಪದ್ಧತಿ ಐತ್ರಿ."

"ಪದ್ಧತಿ ಬಂದು ಉಂಡಿತ್ತೇನ್ರಿ ನನ್ನ ಬದನಿಕಾಯಿ?"

"ಇಲ್ರಿ, ಮಂದಿ ಅಂದಂಗ..."

"ಯಾವ ಮಂದಿ? ಹೊಳಿದಂಡ್ಯಾಗ ನನ್ನ ಬಿಟ್ಟರ ನೀವು ಮೂರು ಮಂದಿ. ಬೆಳ್ಳಕ್ಕಿ ಅಂತೂ ಅಂದಿರಾಕಿಲ್ಲ."

ಆಕೆಯ ದೃಷ್ಟಿ ಸೀಟಿನಾದಭಯಂಕರ, ಕಬಡ್ಡಿಚಕ್ರವರ್ತಿ, ವ್ಯಾಯಾಮಶಿಕ್ಷಕ ದಸ್ತಗೀರ ಸಾಹೇಬರ ಮೇಲೆ ಎರಗಿತು. ಅವರು ಎರಡೂ ಕೈ ಎತ್ತಿದರು.

"ಯಾ ಅಲ್ಲಾ! ನಾ ಮೂರು ಸಲ ನೀಡಿಸ್ಕೊಂಡೀನ್ರಿ ಅಕ್ಕಾರ! ರುಚಿ ಇಲ್ಲಂದಾಂವ ಮೂರು ಸಲ ಉಣ್ತಾನೇನ್ರಿ?"

"ಹುಳಿ ಎಲ್ಲಿ ಐತಂತ ಹುಡುಕಾಕ ಉಂಡಿರಬೇಕು ಬಿಡ್ರಿ."

ಅಡಿವೆಪ್ಪನವರು ಕೇಳುವ ಮೊದಲೇ ಉತ್ತರ ಕೊಟ್ಟರು. "ನನ್ನ ಕಡೆ ನೋಡಬ್ಯಾಡವಾ. ನಾ ಹೆಡ್‌ಮಾಸ್ತರ. ನನಗ ಅಭಿಪ್ರಾಯ ಇರೂದುಲ್ಲ."

ಹಾಗೆ ಅಪವಾದವೆಲ್ಲ ಹೋಗಿ, ಪಾಪ, ದಸ್ತಗೀರ ಸಾಹೇಬರ ಕೊರಳಿಗೆ ಬಿತ್ತು. ನೀಲಗಂಗಕ್ಕ ಬುತ್ತಿ ಎತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಕುಳಿತರು. ಆ ಕಿಟಕಿ ಅಂದಿನಿಂದ ಕೋಟೆಯಾಯಿತು. ಹಾಸಿದ ಪತ್ರಿಕೆಯ ನಡುವೆ ಉಳಿದದ್ದು ಅಡಿವೆಪ್ಪನವರ ಒಣ ಚಟ್ನಿ, ಸಾಹೇಬರ ಎರಡು ಚಪಾತಿ ಮತ್ತು ಆ ಬ್ರೆಡ್ಡು. ಕ್ಷಾಮ ಹೊಕ್ಕಿತು. ಐದನೆಯ ತಾಸಿನ ಪಾಠದಲ್ಲಿ ಗುರುಶಾಂತನ ಹೊಟ್ಟೆ ಮಾಡಿದ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಮೋಡ ನೋಡಲು ಹೊರಗೆ ಕತ್ತು ಚಾಚಿದರು.

ಹಸಿದ ವೀರ ಸಂಧಿಗೆ ಹೊರಟ. ಹೊರಟದ್ದೇನೋ ಸರಿ, ಕವಚ ಬಿಚ್ಚಲಿಲ್ಲ. ಗೋಡೆಯ ಮೇಲೆ ಎರಡನೆಯ ಹಾಳೆ ಅಂಟಿಸಿದ: "ಬದನೆಕಾಯಿಯು ಒಟ್ಟಾರೆ ತೃಪ್ತಿಕರವಾಗಿತ್ತೆಂದು ತರುವಾಯ ಸ್ಪಷ್ಟಪಡಿಸಲಾಗಿದೆ."

ನೀಲಗಂಗಕ್ಕ ಅದನ್ನೂ ಕೋಲು ಹಿಡಿದು ಓದಿದರು. ತಣ್ಣಗೆ ಅಂದರು: "ಮೊದಲ ಯಾರೋ ಬೈದ್ರು. ಈಗ ಯಾರೋ ಹೊಗಳ್ಯಾರ. ಇಬ್ಬರದೂ ನನಗ ಪರಿಚಯ ಇಲ್ಲ."

ಅಂದು ಸಂಜೆ ಬಯಲಿನಲ್ಲಿ ದಸ್ತಗೀರ ಸಾಹೇಬರು ಅವನ ಹತ್ತಿರ ಬಂದರು. ಅವರ ಸೀಟಿ ಕೂಡ ಆಗ ಒಡಕುದನಿಯಲ್ಲಿ ಕೂಗುತ್ತಿತ್ತು.

"ಸರ್ರ, ಆ ಮಾತು ಅಂದಾಂವ ಗೊತ್ತಿದ್ದರ ಹೇಳ್ರಿ. ನಾ ಏನೂ ಮಾಡೂದುಲ್ಲ. ಅಕ್ಕಾರ ಮುಂದ ಕರಕೊಂಡು ಹೋಗಿ ನಿಂದರಸ್ತೀನಿ, ಅಷ್ಟ. ನಮ್ಮ ಮನಿಯಾಕಿ ಬಾಣಂತನದಾಗ ಅಕ್ಕಾರ ದಿನಾ ಬುತ್ತಿ ಕಳಿಸ್ಯಾರ. ಈಗ ನಮಸ್ಕಾರ ಅಂದರ ಮುಖಾ ತಿರುಗಸ್ತಾರ."

ಗುರುಶಾಂತ ತಲೆ ಬಗ್ಗಿಸಿ ಬಾಡಿಗೆಕೋಣೆಯ ಹಾದಿ ಹಿಡಿದ. ಹಸಿವು ತಡೆಯಬಹುದು, ಆದರೆ ತಾನು ಬಿಟ್ಟ ಬಾಣ ಮೂರು ಸಲ ನೀಡಿಸಿಕೊಂಡು ಉಂಡ ಮನುಷ್ಯನ ಎದೆಯಲ್ಲಿ ನೆಟ್ಟಿರುವುದನ್ನು ಕಣ್ಣಾರೆ ನೋಡುವುದು ಹೇಗೆ? ಕವಚ ಮೊದಲ ಸಲ ಭಾರವೆನಿಸಿತು.

ಮರುದಿನ ಮಧ್ಯಾಹ್ನ. ಗಂಟೆ ಮೊಳಗಿತು. ಮಹಾರಥಿಗಳು ತಮ್ಮ ತಮ್ಮ ಬುತ್ತಿಗಳ ಹಿಂದೆ ನೆಲೆನಿಂತರು. ಎದ್ದನಯ್ಯ ಕಂಬಾಳಿಮಠಕುಲದೀಪಕ! ಪತ್ರಿಕೆಯ ಹಾಸನ್ನು ದಾಟಿದ. ಒಣ ಚಟ್ನಿಯನ್ನು ದಾಟಿದ. ಅಲಂಘ್ಯವಾದ ಕಿಟಕಿಕೋಟೆಯ ಬುಡದಲ್ಲಿ ನಿಂತ. ಎದೆಯಲ್ಲಿ ಮತ್ತೆ ಮಹಾವಾಕ್ಯಗಳು ಏಳತೊಡಗಿದವು. ಎಲ್ಲವನ್ನೂ ನುಂಗಿದ. ನುಂಗಲು ಬೇರೇನೂ ಇರಲಿಲ್ಲ.

"ನಾ ಅಂದದ್ರಿ ಅಕ್ಕಾರ. ಸಾಹೇಬರಲ್ಲ, ಮಂದಿ ಅಲ್ಲ. ನನಗ ಹುಳಿ ಇಲ್ಲ ಅನಸ್ತು. ನಾನ ಬರದೆ."

ಅಡಿವೆಪ್ಪನವರ ತುತ್ತು ಬಾಯಿಯ ಬಾಗಿಲಲ್ಲಿ ನಿಂತಿತು. ನೀಲಗಂಗಕ್ಕ ನಿಧಾನವಾಗಿ ಈ ಕಡೆ ತಿರುಗಿದರು.

"ಇರಲಿಲ್ಲ," ಎಂದರು.

"ರೀ?"

"ಹುಳಿ. ಅವತ್ತ ಹುಣಸಿಹಣ್ಣ ಮನ್ಯಾಗ ಮರತು ಬಂದಿದ್ದೆ. ಹೊಳಿದಂಡ್ಯಾಗ ಎಲ್ಲಿಂದ ತರಲಿ? ಮೂರೂ ಮಂದಿ ಭೇಷ್ ಅಂತ ಉಂಡ್ರಿ. ಒಬ್ಬರರ ಹೇಳ್ತಾರೇನಂತ ನಾ ಕಾದೆ. ನಿನ್ನ ನಾಲಿಗಿಗೆ ತಿಳದಿತ್ತು, ತಮ್ಮಾ. ತಿಳದಾಂವ ಹೋಗಿ ಗ್ವಾಡಿ ಹಿಂದ ಅಡಗಿ ಕಲ್ಲು ಒಗದಿ."

ತಮ್ಮಾ! ಆ ಶಬ್ದ ಕಿವಿಗೆ ಬಿದ್ದಾಗ ಗುರುಶಾಂತನ ಕಣ್ಣು ಒದ್ದೆಯಾಯಿತು.

"ಮತ್ತ ಅವಸರ ಅಂತ ಬರದಿ. ಅದು ಸುಳ್ಳು. ಅವಸರಲ್ಲ, ಮರವು. ಕೇಳಿದ್ದರ ಹೇಳತಿದ್ದೆ." ಆಮೇಲೆ ದನಿ ತಗ್ಗಿಸಿ, "ಸಾಹೇಬರ, ತಪ್ಪಾತ್ರಿ. ಬರ್ರಿ ಈ ಕಡೆ, ತಾಟು ಚಾಚ್ರಿ," ಎಂದರು.

"ಮೂರು ಸಲ ನೀಡಬೇಕ್ರಿ ಮತ್ತ," ಎಂದು ಸಾಹೇಬರು ಕೂತಲ್ಲಿಂದಲೇ ಸರಿದರು.

ಕೋಟೆ ತೆರೆಯಿತು. ಬುತ್ತಿ ನಡುವಿಗೆ ಬಂತು. ಒಳಗೆ ಎಣ್ಣೆಯಲ್ಲಿ ಮಿಂದು ಮಿರುಗುವ ಅದೇ ಬದನೆಕಾಯಿ. ಮೊದಲ ರೊಟ್ಟಿ ಗುರುಶಾಂತನ ಕಡೆಗೆ ಬಂತು. ತುತ್ತು ಬಾಯಿಗೆ ಹೋಯಿತು. ನೀಲಗಂಗಕ್ಕ ಕೈಕಟ್ಟಿ ಕುಳಿತು ಕೇಳಿದರು.

"ಹೆಂಗಾಗೇತಿ?"

ದಶದಿಕ್ಕುಗಳು ಕಿವಿಗೊಟ್ಟವು. ಸಾಹೇಬರು ಅಗಿಯುವುದನ್ನು ನಿಲ್ಲಿಸಿದರು. ವೀರನ ನಾಲಿಗೆ ಹಳೆಯ ಚಾಳಿಯಂತೆ, "ಖಾರವು ಕೊಂಚ ಅಧಿಕವೆಂದು ಭಾವಿಸಲಾ..." ಎಂದು ತೊಡಗಿತ್ತು. ಎದುರಿಗೆ ಹುಬ್ಬು ಏರಿದ್ದು ಕಂಡು ನಡುದಾರಿಯಲ್ಲೇ ಹೊರಳಿತು.

"ನನಗ ಖಾರ ಹತ್ತೇತ್ರಿ, ಅಕ್ಕಾರ."

"ಹತ್ತಲಿ. ನಾನ ಬೇಕಂತ ಹಾಕೀನಿ."

ಯುಗಾಂತರದ ಆ ಮಹಾಸಮರ ಹೀಗೆ ಮುಗಿಯಿತು. ಅಡಿವೆಪ್ಪನವರು ಯಾವ ಅಭಿಪ್ರಾಯವನ್ನೂ ಹೇಳದೆ ನೀರಿನ ತಂಬಿಗೆಯನ್ನು ಗುರುಶಾಂತನ ಕಡೆ ಸರಿಸಿದರು.